ಒಂದು ಮಗು ಮತ್ತು ನಲವತ್ತಮೂರು ಮಕ್ಕಳು

ಎರಡು ವರ್ಷದ ಮಗು. ಮೂರು ದಿನದಿಂದ ಕೆಮ್ಮು, ಜ್ವರ. ಈಗ ಉಸಿರು ಏರಿದೆ. ತಾಯಿ ಅದನ್ನು ಮಡಿಲಲ್ಲಿಟ್ಟುಕೊಂಡು ವೈದ್ಯರ ಎದುರು ಕುಳಿತಿದ್ದಾಳೆ. ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಟ್ಟು ಆಲಿಸುತ್ತಾರೆ, ಗಡಿಯಾರ ನೋಡಿ ಉಸಿರು ಎಣಿಸುತ್ತಾರೆ, ನ್ಯುಮೋನಿಯಾ ಎನ್ನುತ್ತಾರೆ, ಚೀಟಿಯಲ್ಲಿ ಆಂಟಿಬಯಾಟಿಕ್ ಬರೆಯುತ್ತಾರೆ. ತಾಯಿ ಚೀಟಿ ಹಿಡಿದು ಮೆಡಿಕಲ್ ಶಾಪಿನ ಕಡೆ ನಡೆಯುತ್ತಾಳೆ. ನಮ್ಮ ಊರುಗಳಲ್ಲಿ ದಿನನಿತ್ಯ ನಡೆಯುವ ಈ ಸಾಮಾನ್ಯ ಸಂಗತಿಯಲ್ಲಿ ಚರ್ಚಿಸುವಂಥದ್ದೇನಿದೆ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಇದರೊಳಗೆ ಒಂದು ಕಠಿಣವಾದ ನೈತಿಕ ಪ್ರಶ್ನೆಯಿದೆ. ಆ ಮದ್ದು ಆ ಮಗುವಿಗೆ ನಿಜವಾಗಿಯೂ ಬೇಕಿತ್ತೇ? ವೈದ್ಯರಿಗೆ ಅದು ಖಚಿತವಾಗಿ ಗೊತ್ತಿಲ್ಲ. ಅವರು ಎಷ್ಟೇ ಓದಿದವರಾಗಿರಲಿ, ಎಷ್ಟೇ ಅನುಭವಿಗಳಾಗಿರಲಿ, ಬಹಳ ಸಲ ಗೊತ್ತಾಗುವುದೂ ಇಲ್ಲ. ಹಾಗಾದರೆ ಗೊತ್ತಿಲ್ಲದಿರುವಾಗ ಯಾವುದು ಸರಿ? ಕೊಡುವುದೇ, ತಡೆಹಿಡಿಯುವುದೇ?

ಗೊತ್ತಾಗದಿರಲು ಕಾರಣವಿದೆ. ನ್ಯುಮೋನಿಯಾ ಎಂದರೆ ಶ್ವಾಸಕೋಶದ ಸೋಂಕು. ಅದನ್ನು ಬ್ಯಾಕ್ಟೀರಿಯಾ ತರಬಹುದು, ವೈರಸ್ ತರಬಹುದು, ಎರಡೂ ಸೇರಿ ತರಬಹುದು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸಿನ ಮುಂದೆ ಅದು ನೀರಿಗೆ ಸಮ. ಆದರೆ ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದೇ ಜ್ವರ, ಅದೇ ಕೆಮ್ಮು, ಅದೇ ಏದುಸಿರು. ದೊಡ್ಡವರಾದರೆ ಕಫ ಉಗುಳಿ ಕೊಡುತ್ತಾರೆ, ಚಿಕ್ಕ ಮಕ್ಕಳು ಅದನ್ನು ನುಂಗಿಬಿಡುತ್ತವೆ. ಎಕ್ಸ್‌ರೇಯಲ್ಲಿ ಬಿಳಿಯ ನೆರಳು ಕಾಣುತ್ತದೆ, ಆ ನೆರಳು ಯಾರದೆಂದು ಅದು ಹೇಳುವುದಿಲ್ಲ. ರಕ್ತವನ್ನು ತೆಗೆದು ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡಬಹುದು, ಆದರೆ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಇರುವ ಮಕ್ಕಳಲ್ಲೂ ಬಹುಪಾಲು ರಕ್ತದಲ್ಲಿ ಏನೂ ಸಿಗುವುದಿಲ್ಲ. ಮೂಗಿನ ದ್ರವ ಪರೀಕ್ಷಿಸಿದರೆ ಆರೋಗ್ಯವಂತ ಮಗುವಿನ ಮೂಗಿನಲ್ಲೂ ನ್ಯುಮೋಕಾಕಸ್ ಎಂಬ ಅದೇ ಬ್ಯಾಕ್ಟೀರಿಯಾ ತಣ್ಣಗೆ ಮನೆ ಮಾಡಿಕೊಂಡಿರುತ್ತದೆ. ನೇರವಾಗಿ ತಿಳಿಯಬೇಕೆಂದರೆ ಪಕ್ಕೆಲುಬಿನ ನಡುವೆ ಸೂಜಿ ಚುಚ್ಚಿ ಶ್ವಾಸಕೋಶದಿಂದಲೇ ದ್ರವ ತೆಗೆಯಬೇಕು. ಆಫ್ರಿಕಾದ ಗ್ಯಾಂಬಿಯಾದಂಥ ಕಡೆ ಸಂಶೋಧಕರು ಹಾಗೆ ಮಾಡಿದ್ದಾರೆ. ಪ್ರತಿಯೊಂದು ಕೆಮ್ಮುವ ಮಗುವಿಗೆ ಹಾಗೆ ಮಾಡಲಾಗುವುದಿಲ್ಲ.

ಆದ್ದರಿಂದ ವೈದ್ಯಶಾಸ್ತ್ರ ಒಂದು ಸರಳ ದಾರಿ ಹುಡುಕಿಕೊಂಡಿತು. 1980ರ ದಶಕದ ಆರಂಭದಲ್ಲಿ ಪಪುವಾ ನ್ಯೂಗಿನಿಯ ಗೊರೊಕಾ ಎಂಬ ಬೆಟ್ಟಸೀಮೆಯ ಊರಿನಲ್ಲಿ ಕೆಲಸ ಮಾಡುತ್ತಿದ್ದ ಮಕ್ಕಳ ವೈದ್ಯ ಫ್ರಾಂಕ್ ಶಾನ್, ಎಕ್ಸ್‌ರೇಯೂ ಪ್ರಯೋಗಶಾಲೆಯೂ ಇಲ್ಲದ ಕಡೆ ಯಾವ ಮಗುವಿಗೆ ಮದ್ದು ಕೊಡಬೇಕು, ಯಾವುದನ್ನು ಆಸ್ಪತ್ರೆಗೆ ಸೇರಿಸಬೇಕು ಎಂಬುದನ್ನು ಕಣ್ಣಿಗೆ ಕಾಣುವ ಲಕ್ಷಣಗಳಿಂದಲೇ ಹೇಗೆ ನಿರ್ಧರಿಸಬಹುದೆಂದು ಅಧ್ಯಯನ ಮಾಡಿದರು. ಉಸಿರಿನ ವೇಗ ಮತ್ತು ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಈ ಎರಡು ಗುರುತುಗಳು ಮುಖ್ಯವಾದವು. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಜಗತ್ತಿಗೆಲ್ಲ ಹಂಚಿತು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ನ್ಯುಮೋನಿಯಾ ಎಂದು ಭಾವಿಸಿ ಮದ್ದು ಕೊಡಿ ಎಂಬುದು ಸೂತ್ರ. ನಮ್ಮ ಅಜ್ಜಿಯರಿಗೆ ಈ ಗುರುತುಗಳು ಹೊಸತಲ್ಲ. ಮಗುವಿಗೆ ಪಕ್ಕೆ ಸೆಳೆಯುತ್ತಿದೆ ಎಂದು ಕನ್ನಡದಲ್ಲಿ, ಪಸಲಿ ಚಲ್ ರಹೀ ಹೈ ಎಂದು ಉರ್ದುವಿನಲ್ಲಿ ಗಾಬರಿಯಿಂದ ಹೇಳುತ್ತಿದ್ದುದು ಇದನ್ನೇ. ಅವರಲ್ಲಿ ರೋಗದ ಗುರುತಿತ್ತು, ಮದ್ದು ಮಾತ್ರ ಇರಲಿಲ್ಲ. ಕೆಲವು ಕಡೆ ಹೊಟ್ಟೆಗೆ ಬರೆ ಎಳೆಯುತ್ತಿದ್ದರು.

ಈ ಎಣಿಕೆ ಎಷ್ಟು ಜೀವ ಉಳಿಸಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪಕ್ಕದ ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಹಳ್ಳಿಗಳಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಇದನ್ನು ಕಲಿಸಿದರು. ಓದು ಬರಹ ಬಾರದ ಸೂಲಗಿತ್ತಿಗೆ ನಲವತ್ತು, ಐವತ್ತು ಎಂದು ಎಣಿಸುವುದು ಕಷ್ಟವಾದಾಗ, ಮಣಿಗಳನ್ನು ಸರಿಸಿ ಉಸಿರಿನ ಲೆಕ್ಕ ಇಡುವ ಒಂದು ಸಾಧನವನ್ನು ಮಾಡಿಕೊಟ್ಟರು. 1990ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಈ ಹಳ್ಳಿಗಳಲ್ಲಿ ಮಕ್ಕಳ ನ್ಯುಮೋನಿಯಾ ಸಾವು ಹೋಲಿಕೆಯ ಹಳ್ಳಿಗಳಿಗಿಂತ ಶೇಕಡಾ 54ರಷ್ಟು ಕಡಿಮೆಯಾಗಿತ್ತು. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಸಾಂಸ್' ಅಭಿಯಾನವೂ ಇದೇ ದಾರಿಯದು. ಆ ಹೆಸರಿನ ಅರ್ಥವೇ ಉಸಿರು. ಆಸ್ಪತ್ರೆಗೆ ಕಳಿಸುವ ಮೊದಲು ಆಶಾ ಕಾರ್ಯಕರ್ತೆಯೇ ಮಗುವಿಗೆ ಅಮಾಕ್ಸಿಸಿಲಿನ್ ಮದ್ದಿನ ಮೊದಲ ಡೋಸು ಕೊಡಲು ಅದರಲ್ಲಿ ಅವಕಾಶವಿದೆ.

ಆದರೆ ಉಸಿರಿನ ಎಣಿಕೆ ಬಹಳ ಅಗಲವಾದ ಬಲೆ. ಹಿಡಿಯಬೇಕಾದ ಮೀನಿನ ಜತೆ ಕೆರೆಯ ಪಾಚಿಯನ್ನೆಲ್ಲ ಅದು ಬಾಚಿಕೊಂಡು ಬರುತ್ತದೆ. ವೈರಸ್ ತಗುಲಿದ ಮಗುವೂ, ಉಬ್ಬಸದ ಮಗುವೂ, ಬರಿಯ ಜ್ವರದಿಂದ ಕಾದ ಮಗುವೂ ವೇಗವಾಗಿ ಉಸಿರಾಡುತ್ತವೆ. 2019ರಲ್ಲಿ 'ಪರ್ಚ್' ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಬಾಂಗ್ಲಾದೇಶ, ಥಾಯ್ಲೆಂಡ್ ಮತ್ತು ಆಫ್ರಿಕಾದ ಐದು ದೇಶಗಳ ಆಸ್ಪತ್ರೆಗಳಿಗೆ ತೀವ್ರ ನ್ಯುಮೋನಿಯಾದಿಂದ ಸೇರಿದ್ದ, ಎಕ್ಸ್‌ರೇಯಲ್ಲೂ ರೋಗ ಕಂಡಿದ್ದ, ಎಚ್‌ಐವಿ ಇಲ್ಲದ ಮಕ್ಕಳಲ್ಲಿ ಶೇಕಡಾ 61ರಷ್ಟು ರೋಗಕ್ಕೆ ವೈರಸ್ಸುಗಳು ಕಾರಣ, ಶೇಕಡಾ 27ರಷ್ಟಕ್ಕೆ ಮಾತ್ರ ಕ್ಷಯವನ್ನು ಬಿಟ್ಟು ಇತರ ಬ್ಯಾಕ್ಟೀರಿಯಾಗಳು ಕಾರಣ ಎಂದು ಅದು ಅಂದಾಜು ಮಾಡಿತು. ಇದು ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದ ಮಕ್ಕಳ ಮಾತು. ಹಳ್ಳಿಯ ಉಪಕೇಂದ್ರಕ್ಕೆ ಬರುವ, ಉಸಿರು ಸ್ವಲ್ಪ ಏರಿದ, ಆದರೆ ಆಡುತ್ತ ಹಾಲು ಕುಡಿಯುತ್ತ ಇರುವ ಮಕ್ಕಳಲ್ಲಿ ಬ್ಯಾಕ್ಟೀರಿಯಾದ ಪಾಲು ಇನ್ನೂ ಕಡಿಮೆಯೇ ಇರಬೇಕು.

ಹಾಗಾದರೆ ಅಂಥ ಮಕ್ಕಳಿಗೆ ಮದ್ದು ಕೊಡದಿದ್ದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಕರಾಚಿಯ ಬಡ ಬಡಾವಣೆಗಳ ಆರೋಗ್ಯ ಕೇಂದ್ರಗಳಲ್ಲಿ ನೇರವಾಗಿ ಕೇಳಲಾಯಿತು. ಉಸಿರು ಮಾತ್ರ ಏರಿದ್ದ, ಅಪಾಯದ ಲಕ್ಷಣಗಳಿಲ್ಲದ 4002 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ದಿನ ಅಮಾಕ್ಸಿಸಿಲಿನ್, ಇನ್ನೊಂದಕ್ಕೆ ಅದರಂತೆಯೇ ಕಾಣುವ ಆದರೆ ಮದ್ದಿಲ್ಲದ ದ್ರವ ಕೊಟ್ಟರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮದ್ದು ಸಿಗದ ಮಕ್ಕಳಲ್ಲಿ ಚಿಕಿತ್ಸೆ ವಿಫಲವಾದದ್ದು ಶೇಕಡಾ 4.9, ಮದ್ದು ಸಿಕ್ಕವರಲ್ಲಿ ಶೇಕಡಾ 2.6. ವಿಫಲವಾಯಿತು ಎಂದರೆ ಸಾವು ಎಂದಲ್ಲ. ಗುಣವಾಗಲಿಲ್ಲ, ಉಲ್ಬಣಿಸಿತು, ಚಿಕಿತ್ಸೆ ಬದಲಿಸಬೇಕಾಯಿತು ಎಂದರ್ಥ. ಲೆಕ್ಕ ಹಾಕಿದರೆ, 44 ಮಕ್ಕಳಿಗೆ ಮದ್ದು ಕೊಟ್ಟಾಗ ಒಂದು ಮಗು ಅಂಥ ವಿಫಲತೆಯಿಂದ ಪಾರಾಗುತ್ತದೆ. ಅದಕ್ಕೂ ಒಂದು ವರ್ಷ ಮುಂಚೆ ಪ್ರಕಟವಾದ, ಮಲಾವಿ ದೇಶದಲ್ಲಿ ನಡೆದ ಇಂಥದೇ ಅಧ್ಯಯನದಲ್ಲಿ ಆ ಸಂಖ್ಯೆ 33 ಆಗಿತ್ತು.

ನಲವತ್ತನಾಲ್ಕು ಮಕ್ಕಳು. ಒಂದಕ್ಕೆ ಮದ್ದು ಬೇಕಿತ್ತು. ಉಳಿದ ನಲವತ್ತಮೂರರಲ್ಲಿ ಹೆಚ್ಚಿನವು ಮದ್ದಿಲ್ಲದೆಯೂ ಗುಣವಾಗುತ್ತಿದ್ದವು, ಒಂದೆರಡು ಮದ್ದು ಕೊಟ್ಟರೂ ಗುಣವಾಗುತ್ತಿರಲಿಲ್ಲ. ಆ ಒಂದು ಮಗು ಯಾವುದೆಂದು ಮುಂಚೆಯೇ ಹೇಳುವವರು ಯಾರೂ ಇಲ್ಲ. ನಾನು ಮೊದಲು ಹೇಳಿದ ನೈತಿಕ ಪ್ರಶ್ನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಇಡಲಾಗದು. ಒಂದಕ್ಕಾಗಿ ನಲವತ್ತಮೂರಕ್ಕೆ ಬೇಡದ ಮದ್ದು ಕುಡಿಸುವುದು ಸರಿಯೇ? ನಲವತ್ತಮೂರನ್ನು ಬೇಡದ ಮದ್ದಿನಿಂದ ಉಳಿಸಲು ಒಂದನ್ನು ಅಪಾಯಕ್ಕೆ ಒಡ್ಡುವುದು ಸರಿಯೇ?

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯೆಂದು ವಿಜ್ಞಾನಿಗಳು ಮೂತ್ರದ ಕಡೆ ನೋಡುತ್ತಿದ್ದಾರೆ. ಮಗುವಿನಿಂದ ರಕ್ತ ತೆಗೆಯುವುದೆಂದರೆ ಅಳು, ಹಟ, ನೋವು. ಮೂತ್ರಕ್ಕೆ ಸೂಜಿ ಬೇಕಿಲ್ಲ. ಮೂತ್ರಪಿಂಡ ರಕ್ತವನ್ನು ಸೋಸಿ ಹೊರಹಾಕುವಾಗ ದೇಹದೊಳಗೆ ನಡೆಯುತ್ತಿರುವ ಸಂಗತಿಗಳ ಸುಳಿವೂ ಅದರ ಜತೆ ಹೊರಬರುತ್ತದೆ. ಆ ಸುಳಿವನ್ನು ಅಣುಗಳ ಮಟ್ಟದಲ್ಲಿ ಓದುವುದು ಈ ಪರೀಕ್ಷೆಗಳ ಉದ್ದೇಶ.

ಮೂತ್ರವನ್ನು ಓದುವ ಆಸೆ ಹಳೆಯದು. ಇಬ್ನ್ ಸೀನಾ ಸಾವಿರ ವರ್ಷದ ಹಿಂದೆ ತನ್ನ 'ಕಾನೂನ್' ಗ್ರಂಥದಲ್ಲಿ ಮೂತ್ರದ ಬಣ್ಣ, ದಪ್ಪ, ವಾಸನೆ, ನೊರೆ, ತಳದಲ್ಲಿ ನಿಲ್ಲುವ ಗಸಿ ಇವುಗಳ ಮೇಲೆ ವಿವರವಾಗಿ ಬರೆದಿದ್ದಾನೆ. ಯುನಾನಿ ವೈದ್ಯದಲ್ಲಿ ನಾಡಿಯ ಜತೆಗೆ ಮೂತ್ರಕ್ಕೂ ಸ್ಥಾನವಿದೆ. ಮೂತ್ರ ತುಂಬಿದ ಗಾಜಿನ ಕುಪ್ಪಿಗೆ 'ಕಾರೂರಾ' ಎಂದು ಹೆಸರು. ನಾವು ಚಿಕ್ಕವರಿದ್ದಾಗ ಹಕೀಮರ ದವಾಖಾನೆಯ ಕಟ್ಟೆಯ ಮೇಲೆ, ಕರವಸ್ತ್ರದಲ್ಲಿ ಸುತ್ತಿದ ಸೀಸೆ ಹಿಡಿದು ಬೆಳಗ್ಗೆಯೇ ಬಂದು ಕುಳಿತವರನ್ನು ಕಂಡಿದ್ದೇವೆ. ಹಕೀಮರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡುವಾಗ ಕಟ್ಟೆಯ ಮೇಲಿದ್ದವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ಇಬ್ಬರಿಗೆ ಬಹಳ ಚೆನ್ನಾಗಿ ಹೊಂದಿಕೊಂಡರೆ ಅವರ ಕಾರೂರಾ ಕೂಡಿದೆ ಎಂದು ಉರ್ದುವಿನಲ್ಲಿ ನಗೆಯಾಡುವುದುಂಟು. ಒಂದು ಸೀಸೆಯೊಳಗೆ ಮನುಷ್ಯನ ಗುಟ್ಟೆಲ್ಲ ಇದೆ ಎಂಬ ನಂಬಿಕೆ ಅಷ್ಟು ಆಳಕ್ಕಿಳಿದಿತ್ತು.

ಇಂದಿನ ಪರೀಕ್ಷೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬ್ಯಾಕ್ಟೀರಿಯಾದ ತುಣುಕನ್ನೇ ಹುಡುಕುವುದು. ನ್ಯುಮೋಕಾಕಸ್ಸಿನ ಹೊರಗೋಡೆಯಿಂದ ಉದುರಿದ ಒಂದು ಸಕ್ಕರೆ ಪದಾರ್ಥ ರಕ್ತದ ಮೂಲಕ ಮೂತ್ರಕ್ಕೆ ಬರುತ್ತದೆ. ಗರ್ಭ ಪರೀಕ್ಷೆಯ ಪಟ್ಟಿಯಂಥದೇ ಒಂದು ಪಟ್ಟಿಯ ಮೇಲೆ ಹದಿನೈದು ನಿಮಿಷದಲ್ಲಿ ಗೆರೆ ಮೂಡಿದರೆ ಅದು ಇದೆಯೆಂದು ಅರ್ಥ. ವಯಸ್ಕರಲ್ಲಿ ಇದು ಉಪಯೋಗಕ್ಕೆ ಬಂದಿದೆ. ಮಕ್ಕಳಲ್ಲಿ ಮಾತ್ರ ಎಡವಿತು. ಮೂಗಿನಲ್ಲಿ ಆ ಬ್ಯಾಕ್ಟೀರಿಯಾ ಸುಮ್ಮನೆ ವಾಸವಾಗಿರುವ, ನ್ಯುಮೋನಿಯಾವೇ ಇಲ್ಲದ ಮಗುವಿನ ಮೂತ್ರದಲ್ಲೂ ಗೆರೆ ಮೂಡಿಬಿಡುತ್ತದೆ. ನಮ್ಮಂಥ ದೇಶಗಳ ಮಕ್ಕಳ ಮೂಗಿನಲ್ಲಿ ಅದು ಸಾಮಾನ್ಯವಾದ್ದರಿಂದ, ಯಾರಿಗೆ ಈ ಪರೀಕ್ಷೆ ಹೆಚ್ಚು ಬೇಕೋ ಅವರಲ್ಲೇ ಅದು ಹೆಚ್ಚು ಸುಳ್ಳಾಡುತ್ತದೆ.

ಎರಡನೆಯ ಬಗೆ ಇನ್ನೂ ಸೂಕ್ಷ್ಮವಾದದ್ದು. ಇಲ್ಲಿ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ದಾಳಿಗೆ ದೇಹ ತೋರಿದ ಪ್ರತಿಕ್ರಿಯೆಯನ್ನು. ಸೋಂಕು ಬಂದಾಗ ದೇಹ ಸಕ್ಕರೆ, ಕೊಬ್ಬು, ಪ್ರೋಟೀನುಗಳನ್ನು ಬಳಸುವ ರೀತಿ ಬದಲಾಗುತ್ತದೆ, ಅದರಿಂದ ಮೂತ್ರದಲ್ಲಿರುವ ಚಿಕ್ಕ ಚಿಕ್ಕ ಅಣುಗಳ ಪ್ರಮಾಣವೂ ಬದಲಾಗುತ್ತದೆ. ಹತ್ತಾರು ಅಣುಗಳನ್ನು ಒಟ್ಟಿಗೆ ಅಳೆದಾಗ ಬೆರಳ ಗುರುತಿನಂಥ ಒಂದು ವಿನ್ಯಾಸ ಸಿಗುತ್ತದೆ. 2009ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕೆರೊಲಿನ್ ಸ್ಲಪ್ಸ್ಕಿ ಮತ್ತು ಸಂಗಡಿಗರು, ನ್ಯುಮೋಕಾಕಸ್ ನ್ಯುಮೋನಿಯಾದ ರೋಗಿಗಳ ಮೂತ್ರದ ವಿನ್ಯಾಸ ವೈರಸ್ ಅಥವಾ ಬೇರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ರೋಗಿಗಳಿಗಿಂತ ಭಿನ್ನವಾಗಿರುತ್ತದೆ ಎಂದು ತೋರಿಸಿದರು. ಮರುವರ್ಷ ಗ್ಯಾಂಬಿಯಾದಲ್ಲಿ ತೀವ್ರ ನ್ಯುಮೋನಿಯಾದ 11 ಮಕ್ಕಳನ್ನೂ ಹೋಲಿಕೆಗೆ 11 ಮಕ್ಕಳನ್ನೂ ಇಟ್ಟುಕೊಂಡು ಇಂಥದೇ ಒಂದು ಆರಂಭಿಕ ಪ್ರಯತ್ನ ನಡೆಯಿತು. ಭರವಸೆ ಹುಟ್ಟಿಸುವ ಕೆಲಸವೇ. ಆದರೆ ಇದಕ್ಕೆ ಬೇಕಾದ ಯಂತ್ರಗಳು ಒಂದು ಕೋಣೆ ತುಂಬುವಂಥವು. ಹಸಿವು, ಅಪೌಷ್ಟಿಕತೆ, ಮೊದಲೇ ಕುಡಿದ ಮದ್ದು ಇವೆಲ್ಲ ಮೂತ್ರದ ವಿನ್ಯಾಸವನ್ನು ಕಲಕಬಲ್ಲವು. ಹಳ್ಳಿಯ ಮಗು ಹಸಿದಿರುವುದು ಅಪರೂಪವೇನಲ್ಲ.

ಮುಂದೊಂದು ದಿನ ಈ ಯಂತ್ರ ಅಂಗೈಯಗಲವಾಗಬಹುದು, ಅಗ್ಗವಾಗಬಹುದು, ಹೆಚ್ಚು ನಿಖರವಾಗಬಹುದು. ಆಗಬೇಕು. ಆದರೆ ಆ ದಿನ ನಮ್ಮ ನೈತಿಕ ಪ್ರಶ್ನೆ ಬಗೆಹರಿದಿರುತ್ತದೆಯೇ? ಇಲ್ಲ ಎಂಬುದೇ ನನ್ನ ವಾದ.

ಒಂದು ಊಹೆಯ ಲೆಕ್ಕ ಹಾಕಿ ನೋಡೋಣ. ನೂರು ಮಕ್ಕಳಿವೆ, ಅವರಲ್ಲಿ 27ಕ್ಕೆ ಬ್ಯಾಕ್ಟೀರಿಯಾ ಇದೆ ಎಂದುಕೊಳ್ಳೋಣ. ನೂರರಲ್ಲಿ ತೊಂಬತ್ತು ಸಲ ನಿಜ ಹೇಳುವ ಒಂದು ಮೂತ್ರ ಪರೀಕ್ಷೆ ಕೈಗೆ ಬಂದಿದೆ ಎಂದುಕೊಳ್ಳೋಣ. ಅದನ್ನು ನಂಬಿದರೆ ಬೇಡದ ಮದ್ದಿನಿಂದ ಸುಮಾರು 66 ಮಕ್ಕಳು ಪಾರಾಗುತ್ತವೆ. ಸಣ್ಣ ಸಾಧನೆಯಲ್ಲ. ಆದರೆ ಬ್ಯಾಕ್ಟೀರಿಯಾ ಇದ್ದ 27ರಲ್ಲಿ ಸುಮಾರು ಮೂರು ಮಕ್ಕಳಿಗೆ ಅದು 'ನಿನಗೇನೂ ಇಲ್ಲ' ಎಂದು ಹೇಳಿ ಮನೆಗೆ ಕಳಿಸುತ್ತದೆ. ಆ ಮೂವರನ್ನು ಹಿಡಿಯಲು ಗೆರೆಯನ್ನು ಸ್ವಲ್ಪ ಸಡಿಲಿಸಿದರೆ ಬೇಡದ ಮದ್ದು ಕುಡಿಯುವವರ ಸಂಖ್ಯೆ ಮತ್ತೆ ಏರುತ್ತದೆ. ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಯಂತ್ರ ಹೇಳುವುದಿಲ್ಲ. ಒಂದು ಮಗುವನ್ನು ಕಳೆದುಕೊಳ್ಳುವ ಅಪಾಯವನ್ನು ಎಷ್ಟು ಬೇಡದ ಡೋಸುಗಳ ಜತೆ ತೂಗಬೇಕೆಂದು ತೀರ್ಮಾನಿಸುವವರು ಮನುಷ್ಯರು. ಪರೀಕ್ಷೆ ಸಂಶಯವನ್ನು ಚಿಕ್ಕದು ಮಾಡಬಹುದು. ಉಳಿದ ಸಂಶಯದ ಭಾರವನ್ನು ಯಾರು ಹೊರಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಭಾರವನ್ನು ಬಹಳ ಹಿಂದೆಯೇ ಅರಿತಿದ್ದವನು ಅಲ್ ರಾಝಿ. ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ಬಾಳಿದ, ರಯ್ಯ್ ಮತ್ತು ಬಗ್ದಾದ್ ನಗರಗಳ ಆಸ್ಪತ್ರೆಗಳನ್ನು ನಡೆಸಿದ ಈ ವೈದ್ಯ, ಮಕ್ಕಳನ್ನು ಕಾಡುತ್ತಿದ್ದ ಎರಡು ಜ್ವರಗಳಾದ ಸಿಡುಬು ಮತ್ತು ದಡಾರವನ್ನು ಪ್ರತ್ಯೇಕಿಸಿ ಪುಸ್ತಕ ಬರೆದವನು. ಒಂದೇ ಥರ ಕಾಣುವ ರೋಗಗಳನ್ನು ಬೇರೆ ಮಾಡುವುದು ಎಷ್ಟು ಮುಖ್ಯವೆಂದು ಅವನಿಗೆ ಗೊತ್ತಿತ್ತು. ಅವನ ಬಗ್ಗೆ ವೈದ್ಯ ಚರಿತ್ರೆಯಲ್ಲಿ ಎರಡು ಸಂಗತಿಗಳು ದಾಖಲಾಗಿವೆ. ಮಿದುಳಿನ ಜ್ವರದ ಲಕ್ಷಣ ಕಂಡ ರೋಗಿಗಳಲ್ಲಿ ಕೆಲವರ ರಕ್ತ ತೆಗೆಸಿ, ಇನ್ನು ಕೆಲವರಿಗೆ ಬೇಕೆಂದೇ ಆ ಚಿಕಿತ್ಸೆ ಕೊಡದೆ ಬಿಟ್ಟು, ಅದರಿಂದ ಒಂದು ತೀರ್ಮಾನಕ್ಕೆ ಬರಲು ಅವನು ನೋಡಿದ. ಕರಾಚಿಯ ಅಧ್ಯಯನದ ಮುತ್ತಜ್ಜ ಎಂದು ಇದನ್ನು ಕರೆಯಬಹುದು. ರಕ್ತ ತೆಗೆಯುವುದರಿಂದ ಲಾಭವಿಲ್ಲವೆಂದು ಇಂದು ನಮಗೆ ಗೊತ್ತು, ಅವನಿಗೆ ಗೊತ್ತಿರಲಿಲ್ಲ. ತನ್ನ ನಂಬಿಕೆಯ ಪ್ರಕಾರ ಒಳ್ಳೆಯದಾದ ಚಿಕಿತ್ಸೆಯನ್ನು ಅವನು ಕೆಲವರಿಂದ ತಡೆಹಿಡಿದ. ತಿಳಿವಳಿಕೆಗೆ ಇಂಥ ಬೆಲೆಯೂ ಇದೆ.

ಎರಡನೆಯ ಸಂಗತಿ ಮೂತ್ರದ್ದೇ. ವೃತ್ತಿಯ ಆರಂಭದಲ್ಲಿ ಅವನು ಮೂತ್ರದ ಸೀಸೆ ಕೈಗೆ ಬಂದಮೇಲೆ ರೋಗಿಯನ್ನು ಏನೂ ಕೇಳುತ್ತಿರಲಿಲ್ಲವಂತೆ. ಜನ ಬಹಳ ಗೌರವಿಸಿದರು. ಆಮೇಲೆ ರೋಗಿಯ ಪರಿಸ್ಥಿತಿಯನ್ನೆಲ್ಲ ವಿಚಾರಿಸತೊಡಗಿದಾಗ ಅವನ ಹೆಸರು ಕೆಟ್ಟಿತಂತೆ. ಸೀಸೆ ನೋಡಿ ಎಲ್ಲವನ್ನೂ ಹೇಳಲಾರದವನು ಎಂಥ ವೈದ್ಯ ಎಂದು ಜನರ ಎಣಿಕೆ. ಸಾವಿರಕ್ಕೂ ಹೆಚ್ಚು ವರ್ಷ ಕಳೆದಿದೆ, ನಾವು ಹೆಚ್ಚೇನೂ ಬದಲಾಗಿಲ್ಲ. ಐದು ಬಗೆಯ ಪರೀಕ್ಷೆ ಬರೆದ ವೈದ್ಯರು ದೊಡ್ಡವರು, ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಪ್ರಶ್ನೆ ಕೇಳಿ ಏನನ್ನೂ ಬರೆಯದೆ ಕಳಿಸಿದವರು ಏನೂ ತಿಳಿಯದವರು ಎಂಬ ಭಾವನೆ ನಮ್ಮಲ್ಲೂ ಇದೆ.

ಇನ್ನು ನಲವತ್ತಮೂರು ಮಕ್ಕಳ ಕಡೆಗೆ ಬರೋಣ. ಬೇಡದ ಮದ್ದು ಕುಡಿದರೆ ಅವರಿಗೇನು ನಷ್ಟ? ಒಂದಿಷ್ಟು ಭೇದಿ, ಕೆಲವರಿಗೆ ಮೈಮೇಲೆ ದದ್ದು. ಅಷ್ಟೇ ಆಗಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರತಿ ಡೋಸೂ ಬ್ಯಾಕ್ಟೀರಿಯಾಗಳಿಗೆ ಒಂದು ಪಾಠ. ಅವು ಮದ್ದನ್ನು ಎದುರಿಸಲು ಕಲಿಯುತ್ತವೆ, ಕಲಿತದ್ದನ್ನು ಹಂಚಿಕೊಳ್ಳುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲೇ ಒಂದು ಚಿಕ್ಕ ಕತೆ ಹೇಳಿ ಎಚ್ಚರಿಸಿದ್ದರು. ಗಂಟಲು ನೋವಿಗೆ ಒಬ್ಬಾತ ತಾನಾಗಿ ಪೆನಿಸಿಲಿನ್ ಕೊಂಡು ಅರೆಬರೆ ತಿನ್ನುತ್ತಾನೆ. ಅವನ ಗಂಟಲಿನ ಬ್ಯಾಕ್ಟೀರಿಯಾ ಮದ್ದಿಗೆ ಪಳಗುತ್ತದೆ. ಅದು ಹೆಂಡತಿಗೆ ತಗುಲಿ ಅವಳಿಗೆ ನ್ಯುಮೋನಿಯಾ ಬರುತ್ತದೆ, ಪೆನಿಸಿಲಿನ್ ಕೆಲಸ ಮಾಡುವುದಿಲ್ಲ, ಅವಳು ಸಾಯುತ್ತಾಳೆ. ಆ ಸಾವಿಗೆ ಹೊಣೆ ಯಾರು ಎಂದು ಫ್ಲೆಮಿಂಗ್ ಕೇಳಿದರು.

ಆ ಕತೆ ಇಂದು ಅಂಕಿಅಂಶವಾಗಿದೆ. 2019ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ದಿಲ್ಲಿಯ ದೊಡ್ಡ ಆಸ್ಪತ್ರೆಗಳಲ್ಲಿ ಹುಟ್ಟಿದ ಹಸುಗೂಸುಗಳ ರಕ್ತದ ಸೋಂಕನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಶೇಕಡಾ 82ರಷ್ಟು ಮಾದರಿಗಳು ಹಲವು ಬಗೆಯ ಮದ್ದುಗಳಿಗೆ ಬಗ್ಗದವಾಗಿದ್ದವು. ಆ ಕೂಸುಗಳು ಯಾವ ಮದ್ದನ್ನೂ ದುರುಪಯೋಗ ಮಾಡಿದವರಲ್ಲ. ಹುಟ್ಟಿ ಕೆಲವು ದಿನವಾಗಿತ್ತು, ಅಷ್ಟೆ. ಹೀಗಾಗಿ ನಲವತ್ತಮೂರು ಬೇಡದ ಡೋಸುಗಳ ಬೆಲೆಯನ್ನು ತೆರುವವರು ಬೇರೆಲ್ಲೋ ಇರುವ, ಇನ್ನೂ ಹುಟ್ಟದ ಮಕ್ಕಳು. ಅವರಿಗೂ ಮುಖವಿದೆ, ನಮಗೆ ಕಾಣುವುದಿಲ್ಲ ಅಷ್ಟೇ.

ಎದುರಿಗಿರುವ ಮಗು ಮತ್ತು ಕಾಣದಿರುವ ಮಗು, ಇಬ್ಬರಲ್ಲಿ ಯಾರ ಹಕ್ಕು ದೊಡ್ಡದು? ಕಾಣದವರು ಲೆಕ್ಕದಲ್ಲಿ ಹೆಚ್ಚು, ಆದ್ದರಿಂದ ಅವರದೇ ದೊಡ್ಡದು ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ತಾಯಿ ನಂಬಿ ತಂದೊಪ್ಪಿಸಿದ ಮಗು ವೈದ್ಯರ ಕೈಯಲ್ಲಿ ಒಂದು ಅಮಾನತ್ತು. ಅದನ್ನು ಲೋಕಹಿತದ ಹೆಸರಿನಲ್ಲಿ ಖರ್ಚು ಮಾಡುವ ಅಧಿಕಾರ ಅವರಿಗಿಲ್ಲ. ಜತೆಗೆ ನ್ಯಾಯದ ಪ್ರಶ್ನೆಯೂ ಇದೆ. ಮದ್ದಿನ ಶಕ್ತಿಯನ್ನು ಪೋಲು ಮಾಡಿದವರು ಯಾರು? ನೆಗಡಿಗೂ ಆಂಟಿಬಯಾಟಿಕ್ ಕೇಳಿ ಪಡೆಯುವ ನಾವು, ಚೀಟಿಯಿಲ್ಲದೆ ಮಾರುವ ಅಂಗಡಿಗಳು, ಮಾರಾಟದ ಗುರಿ ಮುಟ್ಟಲು ಓಡಾಡುವ ಕಂಪನಿಗಳು. ಕೋಳಿ ಬೇಗ ಬಲಿಯಲೆಂದು ಮೇವಿನಲ್ಲಿ ಕೊಲಿಸ್ಟಿನ್ ಎಂಬ ಕೊನೆಯಾಸರೆಯ ಮದ್ದನ್ನು ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದ್ದು 2019ರಲ್ಲಿ. ಕೆಲವು ಆಂಟಿಬಯಾಟಿಕ್‌ಗಳ ಮಾರಾಟಕ್ಕೆ ಲೆಕ್ಕ ಇಡಬೇಕೆಂಬ ಎಚ್1 ಪಟ್ಟಿಯ ನಿಯಮ 2014ರಿಂದ ಜಾರಿಯಲ್ಲಿದೆ, ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದನ್ನು ಯಾವುದೇ ಊರಿನ ಮೆಡಿಕಲ್ ಶಾಪಿನ ಮುಂದೆ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ. ಇಷ್ಟೆಲ್ಲ ದುಂದುಗಾರಿಕೆಯ ಸಾಲವನ್ನು ಹಳ್ಳಿಯ ಉಪಕೇಂದ್ರದಲ್ಲಿ ಏದುಸಿರು ಬಿಡುತ್ತಿರುವ ಮಗುವಿನಿಂದ ವಸೂಲು ಮಾಡಬೇಕೇ? ಉಳಿತಾಯ ಮೊದಲು ಉಂಡವರ ಮನೆಯಲ್ಲಿ ಶುರುವಾಗಲಿ.

ಹಾಗೆಂದು ಕಂಡ ಕಂಡ ಕೆಮ್ಮಿಗೆಲ್ಲ ಮದ್ದು ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಕಾದು ನೋಡುವುದೂ ಒಂದು ಚಿಕಿತ್ಸೆಯೇ. ಆದರೆ ಅದಕ್ಕೊಂದು ಷರತ್ತಿದೆ, ನೋಡುವವರು ಇರಬೇಕು. ಕರಾಚಿಯ ಅಧ್ಯಯನದಲ್ಲಿ ಮದ್ದು ಸಿಗದ ಮಕ್ಕಳನ್ನು ಸುಮ್ಮನೆ ಮನೆಗೆ ಅಟ್ಟಿರಲಿಲ್ಲ. ಅವರ ಮೇಲೆ ನಿಗಾ ಇತ್ತು, ಹೆಚ್ಚಾದರೆ ಚಿಕಿತ್ಸೆ ಬದಲಿಸಲು ಜನರಿದ್ದರು. ಬೆಂಗಳೂರಿನಲ್ಲಿ ಕಾರಿರುವ, ಫೋನಿನಲ್ಲಿ ವೈದ್ಯರ ನಂಬರಿರುವ ಮನೆಯ ಮಗುವಿಗೆ ಇವತ್ತು ಮದ್ದು ಬೇಡ, ನಾಳೆ ಕರೆದುಕೊಂಡು ಬನ್ನಿ ಎಂದು ಹೇಳುವುದು ವಿವೇಕ. ದಿನಕ್ಕೊಂದೇ ಬಸ್ಸು ಬರುವ ಹಳ್ಳಿಯಿಂದ ಕೂಲಿ ಬಿಟ್ಟು ಬಂದ ತಾಯಿಗೆ ಅದೇ ಮಾತನ್ನು ಹೇಳುವುದು ವಿವೇಕವಲ್ಲ. ನಾಳೆ ಅವಳು ಬರಲಾರಳು. ಮಾತು ಒಂದೇ, ನ್ಯಾಯ ಬೇರೆ. ಆದ್ದರಿಂದ ಸಂಶಯದ ಭಾರವನ್ನು ಹೊರಬಲ್ಲವರ ಹೆಗಲ ಮೇಲೆ ಇಡಬೇಕು, ಹೊರಲಾರದವರ ಮೇಲಲ್ಲ ಎಂಬುದು ಇಲ್ಲಿ ನನಗೆ ಕಾಣುವ ಮೊದಲ ನಿಯಮ. ಹೊಸ ಪರೀಕ್ಷೆ ಬಂದಾಗಲೂ ಈ ನಿಯಮ ಇರಬೇಕು. ಪಟ್ಟಿಯ ಮೇಲೆ ಗೆರೆ ಮೂಡದಿದ್ದರೂ ಮಗು ಹಾಲು ಕುಡಿಯುತ್ತಿಲ್ಲ, ಜೋಂಪಿನಲ್ಲಿದೆ ಎಂದಾದರೆ ಪಟ್ಟಿಯನ್ನು ಬದಿಗಿಟ್ಟು ಮಗುವನ್ನು ನೋಡಬೇಕು.

ಎರಡನೆಯದಾಗಿ, ಕಾರಣ ತಿಳಿಯುವುದು ಬೇರೆ, ಅಪಾಯ ತಿಳಿಯುವುದು ಬೇರೆ. ನ್ಯುಮೋನಿಯಾದಲ್ಲಿ ಬಹಳ ಮಕ್ಕಳನ್ನು ಕೊಲ್ಲುವುದು ರಕ್ತದಲ್ಲಿ ಆಮ್ಲಜನಕ ಕುಸಿಯುವುದು. ಅದನ್ನು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕ್ಷಣದಲ್ಲಿ ತೋರಿಸುತ್ತದೆ. ಕೋವಿಡ್ ಕಾಲದಲ್ಲಿ ಅದರ ಪರಿಚಯ ನಮಗೆಲ್ಲ ಆಗಿದೆ. ಮಕ್ಕಳ ಬೆರಳಿಗೆ ಹೊಂದುವಂಥದು ಪ್ರತಿ ಉಪಕೇಂದ್ರದಲ್ಲಿ ಇದ್ದರೆ, ಬ್ಯಾಕ್ಟೀರಿಯಾವೋ ವೈರಸ್ಸೋ ಎಂದು ತಿಳಿಯದೆಯೂ ಯಾವ ಮಗುವನ್ನು ತಡಮಾಡದೆ ಆಮ್ಲಜನಕ ಇರುವ ಆಸ್ಪತ್ರೆಗೆ ಕಳಿಸಬೇಕೆಂದು ತಿಳಿಯುತ್ತದೆ. ನಾಳೆ ಬರಲಿರುವ ಪರೀಕ್ಷೆಯ ಕನಸಿನಲ್ಲಿ ಇಂದು ಇರುವ ಸಾಧನವನ್ನು ಮರೆಯುವುದು ತಪ್ಪು.

ಮೂರನೆಯದು, ಬರದ ರೋಗಕ್ಕೆ ಪರೀಕ್ಷೆಯೂ ಬೇಡ, ಮದ್ದೂ ಬೇಡ. ನ್ಯುಮೋಕಾಕಸ್ ವಿರುದ್ಧದ ಲಸಿಕೆ ನಮ್ಮ ದೇಶದ ಸರಕಾರಿ ಕಾರ್ಯಕ್ರಮದಲ್ಲಿ 2017ರಲ್ಲಿ ಕೆಲವು ರಾಜ್ಯಗಳಿಂದ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಅದು ಉಚಿತ. ಮೂತ್ರದಲ್ಲಿ ನಾವು ಹುಡುಕುತ್ತಿರುವ ಬ್ಯಾಕ್ಟೀರಿಯಾ ಮಗುವಿನ ಶ್ವಾಸಕೋಶವನ್ನು ಮುಟ್ಟದಂತೆ ತಡೆಯುವ ಕೆಲಸವನ್ನು ಅದು ಬಹುಮಟ್ಟಿಗೆ ಮಾಡುತ್ತದೆ. ಎದೆಹಾಲು, ಹೊಗೆಯಿಲ್ಲದ ಅಡುಗೆಮನೆ, ಹೊಟ್ಟೆ ತುಂಬ ಊಟ ಇವು ಕೂಡ ನ್ಯುಮೋನಿಯಾದ ಮದ್ದುಗಳೇ. 2019ರಲ್ಲಿ ಐದು ವರ್ಷದೊಳಗಿನ ಸುಮಾರು 7.4 ಲಕ್ಷ ಮಕ್ಕಳು ಜಗತ್ತಿನಲ್ಲಿ ನ್ಯುಮೋನಿಯಾದಿಂದ ಸತ್ತವು. ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದುದು ಹೊಸ ಆವಿಷ್ಕಾರವಲ್ಲ, ಆಗಲೇ ಇದ್ದದ್ದು ಸಮಯಕ್ಕೆ ತಲುಪುವುದು.

ಕೊನೆಯದಾಗಿ, ತಾಯಿಗೆ ಸತ್ಯ ಹೇಳಬೇಕು. 'ಇದು ಬ್ಯಾಕ್ಟೀರಿಯಾದಿಂದ ಬಂದಿದೆಯೋ ಇಲ್ಲವೋ ನನಗೆ ಖಚಿತವಿಲ್ಲಮ್ಮ, ಆದರೂ ಈ ಕಾರಣಕ್ಕೆ ಕೊಡುತ್ತಿದ್ದೇನೆ' ಎಂದೋ, 'ಈ ಕಾರಣಕ್ಕೆ ಇವತ್ತು ಕೊಡುತ್ತಿಲ್ಲ, ಇಂಥ ಲಕ್ಷಣ ಕಂಡರೆ ರಾತ್ರಿಯಾದರೂ ಬಾ' ಎಂದೋ ಹೇಳುವುದಕ್ಕೆ ಎರಡು ನಿಮಿಷ ಸಾಕು. ನಮ್ಮ ವೈದ್ಯರು ಇದನ್ನು ಹೇಳುವುದು ಕಡಿಮೆ. ಹೇಳಿದರೆ ಜನ ನಂಬಿಕೆ ಕಳೆದುಕೊಂಡಾರು ಎಂಬ ಭಯ. ಅಲ್ ರಾಝಿಗೂ ಆ ನಷ್ಟ ಆಗಿತ್ತು, ಆದರೂ ಅವನು ಕೇಳುವುದನ್ನು ಬಿಡಲಿಲ್ಲ. ಸಂಶಯವನ್ನು ತಾಯಿಯ ಜತೆ ಹಂಚಿಕೊಂಡರೆ ಅವಳು ಮಗುವಿನ ಕಾವಲುಗಾರ್ತಿಯಾಗುತ್ತಾಳೆ. ರಾತ್ರಿಯಿಡೀ ಎಚ್ಚರವಿದ್ದು ಉಸಿರು ನೋಡುವವಳು ಅವಳೇ.

ಮೂತ್ರದ ಪರೀಕ್ಷೆ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಬೇಗ ಬರಲಿ. ನಲವತ್ತಮೂರು ಮಕ್ಕಳಲ್ಲಿ ಮೂವತ್ತನ್ನಾದರೂ ಅದು ಬೇಡದ ಮದ್ದಿನಿಂದ ಉಳಿಸಲಿ. ಬಂದ ಮೇಲೂ ವೈದ್ಯರು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಾಯಿಯನ್ನು ಕೇಳಲಿ: ಮಗು ಹಾಲು ಕುಡಿಯಿತೇ, ರಾತ್ರಿ ನಿದ್ದೆ ಮಾಡಿತೇ, ನಿಮ್ಮ ಊರು ಎಷ್ಟು ದೂರ, ನಾಳೆ ಮತ್ತೆ ಬರಲು ನಿಮಗೆ ಆಗುತ್ತದೆಯೇ?